ಆದೇಶ ದೆಹಲಿಯದು, ಕ್ಯೂ ನಮ್ಮದು

2020ರ ಮಾರ್ಚ್ 24, ಮಂಗಳವಾರ. ಮರುದಿನ ಯುಗಾದಿ. ರಾತ್ರಿ 8 ಗಂಟೆಗೆ ಪ್ರಧಾನಿ ನರೇಂದ್ರ ಮೋದಿ ಟಿವಿಗೆ ಬಂದಾಗ ನಮ್ಮ ಬೀದಿಯಲ್ಲಿ ಮಾವಿನ ಸೊಪ್ಪು, ಬೇವಿನ ಸೊಪ್ಪು ಮಾರುತ್ತಿದ್ದ ಹೆಂಗಸು ಇನ್ನೂ ಎದ್ದಿರಲಿಲ್ಲ. ಕರ್ನಾಟಕದಲ್ಲಿ ರಾಜ್ಯ ಸರ್ಕಾರದ ನಿರ್ಬಂಧ ಆಗಲೇ ಶುರುವಾಗಿತ್ತು. ಆದರೂ ಹಬ್ಬ ಅಂದರೆ ಹಬ್ಬ ಅಲ್ವಾ. ಭಾಷಣ ಅರ್ಧಕ್ಕೆ ಬರುವಷ್ಟರಲ್ಲಿ ವಿಷಯ ಗೊತ್ತಾಯಿತು. ಮಧ್ಯರಾತ್ರಿ 12ರಿಂದ ಇಡೀ ದೇಶ 21 ದಿನ ಬಂದ್. ನಮ್ಮ ಕೈಯಲ್ಲಿ ಉಳಿದಿದ್ದದ್ದು ನಾಲ್ಕು ಗಂಟೆಗೂ ಕಮ್ಮಿ.

ಆಮೇಲೆ ಆದದ್ದು ಎಲ್ಲರಿಗೂ ನೆನಪಿದೆ. ದಿನಸಿ ಅಂಗಡಿ ತೆರೆದಿರುತ್ತೋ ಇಲ್ಲವೋ ಅನ್ನುವುದು ಭಾಷಣ ಕೇಳಿದವರಿಗೆ ಸರಿಯಾಗಿ ತಿಳಿಯಲಿಲ್ಲ. ಅಗತ್ಯ ವಸ್ತು ಸಿಗುತ್ತದೆ, ಗಾಬರಿ ಬೇಡ ಅಂತ ಪ್ರಧಾನಿ ಆಮೇಲೆ ಟ್ವೀಟ್ ಮಾಡಿದರು. ಅಷ್ಟೊತ್ತಿಗೆ ಅಂಗಡಿ ಮುಂದೆ ಜನ ಮೈಗೆ ಮೈ ತಾಗಿಸಿ ನಿಂತಿದ್ದರು. ಎದುರು ಮನೆಯ ಅಜ್ಜಿ ಗೇಟಿನಿಂದಲೇ ಕೂಗಿ ಕೇಳಿದರು, "ಬಿಪಿ ಮಾತ್ರೆ ನಾಳೆ ಸಿಗತ್ತೇನಪ್ಪ?" ನನಗೂ ಗೊತ್ತಿರಲಿಲ್ಲ. "ಸಿಗತ್ತೆ ಬಿಡಿ ಅಜ್ಜಿ" ಅಂದೆ, ಸುಮ್ನೆ ಧೈರ್ಯಕ್ಕೆ.

ಆ ಗಡಿಬಿಡಿಯಲ್ಲಿ ಒಂದು ಪ್ರಶ್ನೆ ಯಾರ ತಲೆಗೂ ಬರಲಿಲ್ಲ. ನಮ್ಮ ಬೀದಿಯ ಅಂಗಡಿ ಎಷ್ಟು ಹೊತ್ತಿಗೆ ಬಾಗಿಲು ಹಾಕಬೇಕು ಅಂತ ಹೇಳುವ ಅಧಿಕಾರ ದೆಹಲಿಗೆ ಎಲ್ಲಿಂದ ಬಂತು? ಇದು ವಕೀಲರ ಪ್ರಶ್ನೆ ಅನಿಸಬಹುದು. ಆದರೆ ಮುಂದಿನ ಎರಡು ವರ್ಷದಲ್ಲಿ ಲಸಿಕೆ ಯಾಕೆ ಸಿಗಲಿಲ್ಲ, ಆಕ್ಸಿಜನ್ ಯಾಕೆ ಬರಲಿಲ್ಲ, ಸತ್ತವರ ಲೆಕ್ಕ ಯಾಕೆ ಹೊಂದಲಿಲ್ಲ ಅನ್ನುವುದರ ತುದಿ ಇಲ್ಲೇ ಸಿಗುತ್ತದೆ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ದವಾಖಾನೆ ಇವೆಲ್ಲ ರಾಜ್ಯ ಪಟ್ಟಿಯ 6ನೇ ನಮೂದು. ರೋಗ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ನೋಡಿಕೊಳ್ಳುವುದು ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯ 29ನೇ ನಮೂದು. ಇನ್ನು ಸಾಂಕ್ರಾಮಿಕ ರೋಗಗಳ ಕಾಯ್ದೆ ಅಂತ ಒಂದಿದೆ, 1897ರದು. ಮುಂಬೈಯಲ್ಲಿ ಪ್ಲೇಗ್ ಬಂದಾಗ ಬ್ರಿಟಿಷರು ಮಾಡಿದ್ದು. ನಾಲ್ಕೇ ಸೆಕ್ಷನ್ನಿನ ಪುಟ್ಟ ಕಾಯ್ದೆ. ಅದರಲ್ಲೂ ಅಧಿಕಾರ ಬಹುಪಾಲು ರಾಜ್ಯಗಳದ್ದೇ. ಕೇಂದ್ರಕ್ಕಿದ್ದದ್ದು ಮುಖ್ಯವಾಗಿ ಬಂದರಿಗೆ ಬರುವ, ಬಂದರಿನಿಂದ ಹೊರಡುವ ಹಡಗುಗಳ ತಪಾಸಣೆ. ವಿಮಾನ, ರೈಲು, ಬಸ್ಸಿನ ಮಾತು 2020ರ ತಿದ್ದುಪಡಿಯಲ್ಲಷ್ಟೇ ಬಂತು.

ಹಾಗಾಗಿ ಕೇಂದ್ರ ಹಿಡಿದದ್ದು ಬೇರೆ ದಾರಿ. ವಿಪತ್ತು ನಿರ್ವಹಣಾ ಕಾಯ್ದೆ, 2005. 2004ರ ಡಿಸೆಂಬರಿನ ಸುನಾಮಿ ಆದ ಮೇಲೆ ಬಂದ ಕಾನೂನು ಇದು. ನೆರೆ, ಭೂಕಂಪ, ಚಂಡಮಾರುತ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅಂಥ ವಿಪತ್ತಿಗೆ ಒಂದು ಜಾಗ ಇರುತ್ತದೆ. ಕೆಲವು ದಿನದಲ್ಲಿ ನೀರು ಇಳಿಯುತ್ತದೆ. ಅಲ್ಲಿಯವರೆಗೆ ಒಬ್ಬರು ಹೇಳಿದ್ದನ್ನು ಎಲ್ಲರೂ ಕೇಳಿದರೆ ಕೆಲಸ ಬೇಗ ಆಗುತ್ತದೆ. ಕೋವಿಡ್ ಹಾಗಿರಲಿಲ್ಲ. ಅದು ಎಲ್ಲ ಕಡೆ ಇತ್ತು, ಎರಡು ವರ್ಷ ಇತ್ತು. ಆದರೆ ಕಾನೂನು ಅದೇ. ಅದರ ಪ್ರಕಾರ ಕೇಂದ್ರ ಗೃಹ ಕಾರ್ಯದರ್ಶಿ ಒಂದು ಮಾರ್ಗಸೂಚಿ ಹೊರಡಿಸಿದರೆ ಎಲ್ಲ ರಾಜ್ಯಗಳೂ ಕಟ್ಟುಬೀಳಬೇಕು. ಸಂಸತ್ತಿನಲ್ಲಿ ಚರ್ಚೆ ಬೇಕಿಲ್ಲ. ಬೇಕಿದ್ದರೂ ಸಂಸತ್ತು ಇರಲಿಲ್ಲ. ಬಜೆಟ್ ಅಧಿವೇಶನವನ್ನು ಹಿಂದಿನ ದಿನವೇ, ಮಾರ್ಚ್ 23ಕ್ಕೆ, ಮುಗಿಸಿ ಎಲ್ಲರೂ ಊರಿಗೆ ಹೊರಟಿದ್ದರು.

ಆ ಆದೇಶ ಇಳಿದು ಬರುವ ಮೆಟ್ಟಿಲು ನೋಡಬೇಕು. ದೆಹಲಿಯಿಂದ ರಾಜ್ಯದ ಮುಖ್ಯ ಕಾರ್ಯದರ್ಶಿಗೆ, ಅಲ್ಲಿಂದ ಜಿಲ್ಲಾಧಿಕಾರಿಗೆ, ತಹಶೀಲ್ದಾರರಿಗೆ, ಕೊನೆಗೆ ಬ್ಯಾರಿಕೇಡ್ ಪಕ್ಕ ಲಾಠಿ ಹಿಡಿದು ನಿಂತ ಪೊಲೀಸಪ್ಪನಿಗೆ. ಪ್ರತಿ ಮೆಟ್ಟಿಲಲ್ಲೂ ಬಿಗಿ ಮಾಡಬಹುದು, ಸಡಿಲ ಮಾಡುವ ಹಾಗಿಲ್ಲ. 2020ರ ಏಪ್ರಿಲ್‌ನಲ್ಲಿ ಕೇರಳ ಹೋಟೆಲು, ಪುಸ್ತಕದಂಗಡಿ ತೆರೆಯಲು ಹೊರಟಾಗ ಗೃಹ ಸಚಿವಾಲಯದಿಂದ ಪತ್ರ ಹೋಯಿತು. ಕೇರಳ ಹಿಂದೆ ಸರಿಯಿತು. ಮೇಲಿನವರು ಒಂದು ಪಟ್ಟು ಬಿಗಿದರೆ ಕೆಳಗಿನವರು ಇನ್ನೊಂದು ಪಟ್ಟು. ಕೊನೆಗೆ ನಮ್ಮ ಬೀದಿಗೆ ಬರುವಾಗ ತರಕಾರಿ ಗಾಡಿಯನ್ನು ಯಾವ ಮೂಲೆಯಲ್ಲಿ ನಿಲ್ಲಿಸಬೇಕು ಅನ್ನುವುದೂ ಲಾಠಿಯ ಮರ್ಜಿ ಆಗಿತ್ತು.

ಇದನ್ನು ಓದಿ ಎಲ್ಲ ದೆಹಲಿಯ ತಪ್ಪು ಅಂದುಕೊಳ್ಳಬೇಡಿ. ಲಾಕ್‌ಡೌನ್ ಮುಂದುವರಿಸಿ ಅಂತ ಏಪ್ರಿಲ್ 11ರ ವಿಡಿಯೊ ಸಭೆಯಲ್ಲಿ ಕೇಳಿದವರಲ್ಲಿ ಎಲ್ಲ ಪಕ್ಷಗಳ ಮುಖ್ಯಮಂತ್ರಿಗಳೂ ಇದ್ದರು. ಕಹಿ ಔಷಧಿಯನ್ನು ಇನ್ನೊಬ್ಬರು ಕುಡಿಸಿದರೆ ಯಾರಿಗೆ ಬೇಡ? ದೆಹಲಿ ಬೆಂಗಳೂರಿಗೆ ಮಾಡಿದ್ದನ್ನು ಬೆಂಗಳೂರು ತನ್ನ ಜಿಲ್ಲೆಗಳಿಗೆ ಮಾಡಿತು. ದೇಶದ ಮೊದಲ ಕೋವಿಡ್ ಸಾವು ಆದದ್ದು ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ಆದರೆ ರಾಜ್ಯದ ದಿನದ ಬುಲೆಟಿನ್ ಹೊರಡುತ್ತಿದ್ದದ್ದು ಬೆಂಗಳೂರಿನಿಂದಲೇ, ಏನು ತೆರೆಯಬೇಕು ಏನು ಮುಚ್ಚಬೇಕು ಅನ್ನುವ ತೀರ್ಮಾನ ಆಗುತ್ತಿದ್ದದ್ದೂ ಅಲ್ಲೇ.

ಬೆಂಗಳೂರಿನವರು ಕೈಗೆ ಸೀಲು ಹಾಕಿದ್ದು ನೆನಪಿದೆಯಾ? ವಿದೇಶದಿಂದ ಬಂದವರ ಕೈ ಹಿಂಭಾಗಕ್ಕೆ ಓಟಿನ ಶಾಯಿಯಂಥ ಅಳಿಸದ ಶಾಯಿಯಲ್ಲಿ ಮುದ್ರೆ. ಮಾರ್ಚ್ ಕೊನೆಗೆ ಅದೂ ಸಾಲದೆ ಬಂತು ಸೆಲ್ಫಿ ನಿಯಮ. ಮನೆಯಲ್ಲೇ ಕ್ವಾರಂಟೈನ್ ಆದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ತೆಗೆದು ಆ್ಯಪ್‌ನಲ್ಲಿ ಕಳಿಸಬೇಕು. ಫೋಟೊ ಜೊತೆ ಎಲ್ಲಿದ್ದೀರಿ ಅನ್ನುವ ಜಿಪಿಎಸ್ ಗುರುತೂ ಹೋಗುತ್ತದೆ. ನನ್ನ ಗೆಳೆಯನೊಬ್ಬ ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಕಿಟಕಿ ಮೇಲೆ ಇಟ್ಟುಕೊಂಡು ಹೋಗುತ್ತಿದ್ದ. ಹದಿನಾಲ್ಕು ದಿನ ಮುಗಿದಾಗ ಅವನ ಗ್ಯಾಲರಿಯಲ್ಲಿ ಇನ್ನೂರು ಚಿಲ್ಲರೆ ಫೋಟೊ. ಎಲ್ಲದರಲ್ಲೂ ಅದೇ ಗೋಡೆ, ಅದೇ ಕ್ಯಾಲೆಂಡರ್. ಗಡ್ಡ ಮಾತ್ರ ಬೆಳೆಯುತ್ತಾ ಹೋಗಿದೆ.

ಅವನು ನಗುತ್ತಾ ತೋರಿಸಿದ. ಆದರೆ ಇದು ಕ್ವಾರಂಟೈನ್ ಮನೆ ಅಂತ ಬಾಗಿಲಿಗೆ ಅಂಟಿಸಿದ ಚೀಟಿ ಬಗ್ಗೆ ನಗಲಿಲ್ಲ. ಕ್ವಾರಂಟೈನ್ ಆದವರ ವಿಳಾಸದ ಪಟ್ಟಿಯನ್ನು ಹೆಸರಿಲ್ಲದೆ, ಮನೆ ನಂಬರಿನ ಸಮೇತ ಸರ್ಕಾರವೇ ಹೊರಗೆ ಬಿಟ್ಟಿತ್ತು. ಅದು ವಾಟ್ಸ್ಆ್ಯಪ್‌ನಲ್ಲಿ ಸುತ್ತಿತು. ಹಾಲು ಹಾಕುವವನು ಅವರ ಮನೆಗೆ ಬರುವುದನ್ನು ಬಿಟ್ಟ. ಹೀಗೆ ಮನೆ ಬಾಗಿಲಿಗೆ ಚೀಟಿ ಅಂಟಿಸಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಅವನ ಬಾಗಿಲಿನ ಚೀಟಿ ಕಿತ್ತು ಅಂಟು ಮಾತ್ರ ಉಳಿದಿತ್ತು.

ಗಂಟೆಗೊಮ್ಮೆ ಮುಖ ನೋಡುವಷ್ಟು ಕಣ್ಣಿದ್ದ ಸರ್ಕಾರಕ್ಕೆ ಹೆದ್ದಾರಿಯಲ್ಲಿ ನಡೆದು ಹೋಗುತ್ತಿದ್ದವರು ಕಾಣಲಿಲ್ಲ. ವಲಸೆ ಕಾರ್ಮಿಕರು ನಡೆಯಲು ಶುರು ಮಾಡಿದ್ದು ಲಾಕ್‌ಡೌನ್ ಆದ ಎರಡು ಮೂರು ದಿನದಲ್ಲೇ. ಅವರನ್ನು ಊರಿಗೆ ಮುಟ್ಟಿಸುವ ಶ್ರಮಿಕ್ ರೈಲು ಶುರುವಾದದ್ದು ಮೇ 1ಕ್ಕೆ, ಅಂದರೆ ಐದು ವಾರ ಬಿಟ್ಟು. ಮೇ 8ರಂದು ಔರಂಗಾಬಾದ್ ಹತ್ತಿರ ಹಳಿ ಮೇಲೆ ಮಲಗಿದ್ದ 16 ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು.

ನಮ್ಮಲ್ಲೂ ಈ ಕಥೆ ಚೆನ್ನಾಗಿಲ್ಲ. ಮೇ ಮೊದಲ ವಾರ ಮೆಜೆಸ್ಟಿಕ್‌ನಲ್ಲಿ ಊರಿಗೆ ಹೊರಟ ಕೂಲಿಕಾರರಿಂದ ಬಸ್ಸಿಗೆ ಮಾಮೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಕೇಳಿದರು. ಗಲಾಟೆ ಆಯಿತು. ಕಾಂಗ್ರೆಸ್ ಪಕ್ಷ 1 ಕೋಟಿ ರೂಪಾಯಿ ಚೆಕ್ ಹಿಡಿದು ಬಂತು. ಆಮೇಲೆ ಕೆಲವು ದಿನ ಪ್ರಯಾಣ ಉಚಿತ ಆಯಿತು. ಅದಾಗಿ ಎರಡೇ ದಿನ. ಮೇ 5ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಬಿಲ್ಡರುಗಳ ಜೊತೆ ಸಭೆ ಮಾಡಿದರು. ಅದರ ಬೆನ್ನಿಗೇ, ರೈಲು ಬೇಡ ಅಂತ ರಾಜ್ಯದಿಂದ ರೈಲ್ವೆಗೆ ಪತ್ರ ಹೋಯಿತು. ಕಟ್ಟಡದ ಕೆಲಸಕ್ಕೆ ಜನ ಬೇಕಲ್ಲ. ದೇಶದ ತುಂಬ ಛೀಮಾರಿ ಬಿದ್ದ ಮೇಲೆ ರೈಲು ಮತ್ತೆ ಹೊರಟಿತು.

ಟಿಕೆಟ್ ದುಡ್ಡು ಯಾರು ಕೊಡಬೇಕು ಅಂತ ಇನ್ನೊಂದು ಜಗಳ. ಶೇ 85ರಷ್ಟು ನಾವು ಹೊರುತ್ತೇವೆ, ಶೇ 15ರಷ್ಟು ರಾಜ್ಯ ಕೊಡಲಿ ಅಂತ ಕೇಂದ್ರ. ರಾಜ್ಯಗಳದ್ದು ಬೇರೆಯೇ ಲೆಕ್ಕ. ಈ ಮಧ್ಯೆ ಎಷ್ಟೋ ಜನ ತಮ್ಮ ಜೇಬಿನಿಂದಲೇ ಕೊಟ್ಟು ಹತ್ತಿದರು. ಅವರಿಂದ ದುಡ್ಡು ತೆಗೆದುಕೊಳ್ಳಬೇಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಮೇ 28ಕ್ಕೆ. ಸೆಪ್ಟೆಂಬರಿನಲ್ಲಿ ಸಂಸತ್ತು ಸೇರಿದಾಗ ಕಾರ್ಮಿಕ ಸಚಿವಾಲಯ ಎರಡು ಲಿಖಿತ ಉತ್ತರ ಕೊಟ್ಟಿತು. ಊರಿಗೆ ಮರಳಿದ ವಲಸೆ ಕಾರ್ಮಿಕರು 1 ಕೋಟಿಗೂ ಜಾಸ್ತಿ. ದಾರಿಯಲ್ಲಿ ಎಷ್ಟು ಜನ ಸತ್ತರು? ಆ ಮಾಹಿತಿ ಇಟ್ಟಿಲ್ಲ.

ಅದೇ ಅಧಿವೇಶನದ ಬಗ್ಗೆ ಒಂದು ಮಾತು. ಸೆಪ್ಟೆಂಬರ್ 14ರಿಂದ 23ರವರೆಗೆ ಹತ್ತು ದಿನ ನಡೆಯಿತು. ಕೋವಿಡ್ ಕಾರಣ ಕೊಟ್ಟು ಪ್ರಶ್ನೋತ್ತರ ಅವಧಿಯನ್ನು ಕೈಬಿಟ್ಟರು. ಮಾಲುಗಳು ಜೂನ್ 8ಕ್ಕೇ ತೆರೆದಿದ್ದವು, ಅದು ಬೇರೆ ಮಾತು. ಜೂನ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದಿದ್ದ ಮೂರು ಕೃಷಿ ಮಸೂದೆಗಳು, ಮೂರು ಕಾರ್ಮಿಕ ಸಂಹಿತೆಗಳು ಆ ಹತ್ತು ದಿನದಲ್ಲೇ ಪಾಸಾದವು. ಕೃಷಿ ಕಾಯ್ದೆಗಳಿಗೆ ಏನಾಯಿತು ಅಂತ ಎಲ್ಲರಿಗೂ ಗೊತ್ತು. ರೈತರು ಒಂದು ವರ್ಷ ದೆಹಲಿ ಗಡಿಯಲ್ಲಿ ಕೂತರು, 2021ರ ನವೆಂಬರಿನಲ್ಲಿ ಕಾಯ್ದೆ ವಾಪಸ್. ಕಾರ್ಮಿಕ ಸಂಹಿತೆಗಳು ಉಳಿದವು. 2025ರ ನವೆಂಬರ್ 21ಕ್ಕೆ ಜಾರಿಗೂ ಬಂದವು. ವಲಸೆ ಕಾರ್ಮಿಕರಿಗಿದ್ದ 1979ರ ಕಾಯ್ದೆ ಅದರಲ್ಲಿ ಒಂದು ಸಂಹಿತೆಯೊಳಗೆ ಸೇರಿಹೋಯಿತು. 2020ರ ಚಳಿಗಾಲದ ಅಧಿವೇಶನ ನಡೆಯಲೇ ಇಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ನನ್ನ ಮಟ್ಟಿಗೆ ಇಡೀ ಕಥೆಯ ಗುಟ್ಟು ಇರುವುದು ಇಲ್ಲೇ. ಅದನ್ನು ನೋಡಲು ಒಳ್ಳೆಯ ಜಾಗ ಮದ್ಯದಂಗಡಿ ಮುಂದಿನ ಕ್ಯೂ.

2020ರ ಮೇ 4. ನಲವತ್ತು ದಿನ ಮುಚ್ಚಿದ್ದ ಮದ್ಯದಂಗಡಿ ತೆರೆದ ದಿನ. ಬೆಳಿಗ್ಗೆ ಆರಕ್ಕೇ ಸೀಮೆಸುಣ್ಣದ ವೃತ್ತಗಳಲ್ಲಿ ಚಪ್ಪಲಿ, ಕಲ್ಲು, ಚೀಲ ಇಟ್ಟು ಜಾಗ ಹಿಡಿದಿದ್ದರು. ಕೆಲವು ಕಡೆ ಅಂಗಡಿಗೆ ಪೂಜೆ ಮಾಡಿ ಪಟಾಕಿ ಹೊಡೆದದ್ದನ್ನು ಟಿವಿಯವರು ಇಡೀ ದಿನ ತೋರಿಸಿದರು. ನಾವೂ ನಕ್ಕೆವು. ಆ ಒಂದೇ ದಿನ ರಾಜ್ಯದಲ್ಲಿ 45 ಕೋಟಿ ರೂಪಾಯಿ ಮದ್ಯ ಮಾರಾಟ ಆಯಿತು. ಶಾಲೆ ಮುಚ್ಚಿದೆ, ದೇವಸ್ಥಾನ ಮುಚ್ಚಿದೆ, ಮದ್ಯದಂಗಡಿ ಮಾತ್ರ ಯಾಕೆ ತೆರೆದರು ಅಂತ ಎಲ್ಲರೂ ಬೈದರು. ನಾನೂ ಬೈದೆ.

ಆದರೆ ರಾಜ್ಯದ ಕಡೆಯಿಂದ ನೋಡಿ. 2017ರಲ್ಲಿ ಜಿಎಸ್‌ಟಿ ಬಂದಾಗ ರಾಜ್ಯಗಳು ತಮ್ಮ ಬಹುತೇಕ ತೆರಿಗೆಗಳನ್ನು ಬಿಟ್ಟುಕೊಟ್ಟವು. ಕೈಯಲ್ಲಿ ಉಳಿದ ದೊಡ್ಡ ಬಾಬತ್ತುಗಳು ಮದ್ಯ, ಪೆಟ್ರೋಲ್–ಡೀಸೆಲ್ ಮತ್ತು ಆಸ್ತಿ ನೋಂದಣಿ. ಲಾಕ್‌ಡೌನ್‌ನಲ್ಲಿ ಮೂರೂ ಹೆಚ್ಚುಕಮ್ಮಿ ನಿಂತವು. ಆಸ್ಪತ್ರೆ ನಡೆಸುವುದು ರಾಜ್ಯ, ಡಾಕ್ಟರು, ನರ್ಸು, ಪೊಲೀಸರಿಗೆ ಸಂಬಳ ಕೊಡುವುದು ರಾಜ್ಯ, ಕ್ವಾರಂಟೈನ್ ಕೇಂದ್ರದಲ್ಲಿ ಊಟ ಹಾಕುವುದು ರಾಜ್ಯ. ಅಂಗಡಿ ಮುಚ್ಚಿ ಅಂದವರು ದೆಹಲಿಯವರು. ದುಡ್ಡಿನ ನಲ್ಲಿ ಮತ್ತೆ ತಿರುಗಿಸಲು ದೆಹಲಿಯ ಅನುಮತಿಗೆ ಕಾಯಬೇಕಿತ್ತು. ಅನುಮತಿ ಸಿಕ್ಕ ಮರುಕ್ಷಣ ಯಾವ ಅಂಗಡಿ ತೆರೆಯುತ್ತಾರೆ ಅನ್ನುವುದರಲ್ಲಿ ಆಶ್ಚರ್ಯ ಏನಿಲ್ಲ.

ಮದ್ಯದಂಗಡಿ ತೆರೆದ ಮರುದಿನ ರಾತ್ರಿ ಇನ್ನೊಂದು ಸಂಗತಿ ನಡೆಯಿತು, ಅದು ಅಷ್ಟು ಸುದ್ದಿ ಆಗಲಿಲ್ಲ. ಕೇಂದ್ರ ಸರ್ಕಾರ ಪೆಟ್ರೋಲ್ ಮೇಲಿನ ತೆರಿಗೆಯನ್ನು ಲೀಟರಿಗೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ಏರಿಸಿತು. ಆಗ ಕಚ್ಚಾ ತೈಲದ ಬೆಲೆ ನೆಲಕಚ್ಚಿತ್ತು. ಹಾಗಾಗಿ ಬಂಕ್‌ನಲ್ಲಿ ನಮಗೆ ಏರಿಕೆ ಕಾಣಲಿಲ್ಲ, ಇಳಿಯಬೇಕಿದ್ದದ್ದು ಇಳಿಯಲಿಲ್ಲ ಅಷ್ಟೆ. ಏರಿಸಿದ್ದರಲ್ಲಿ ಲೀಟರಿಗೆ 8 ರೂಪಾಯಿ ರಸ್ತೆ ಸೆಸ್. ಸೆಸ್ ಅಂದರೆ ಏನು ವ್ಯತ್ಯಾಸ ಅಂತೀರಾ? ಮಾಮೂಲಿ ತೆರಿಗೆಯಲ್ಲಿ ಹಣಕಾಸು ಆಯೋಗ ಹೇಳಿದ ಪಾಲನ್ನು ಕೇಂದ್ರ ರಾಜ್ಯಗಳಿಗೆ ಹಂಚಬೇಕು. ಸೆಸ್ ಹಂಚಬೇಕಾಗಿಲ್ಲ.

ಆಗಸ್ಟಿನಲ್ಲಿ ಬಂತು ದೊಡ್ಡ ಜಗಳ. ಜಿಎಸ್‌ಟಿ ಬಂದಾಗ, ನಿಮ್ಮ ಆದಾಯ ವರ್ಷಕ್ಕೆ ಶೇ 14ರಷ್ಟು ಬೆಳೆಯದಿದ್ದರೆ ಐದು ವರ್ಷ ನಾವು ತುಂಬಿಕೊಡುತ್ತೇವೆ ಅಂತ ರಾಜ್ಯಗಳಿಗೆ ಕಾನೂನಿನಲ್ಲೇ ಮಾತು ಕೊಟ್ಟಿದ್ದರು. ಈಗ ತುಂಬಿಕೊಡಲು ನಿಧಿಯಲ್ಲಿ ದುಡ್ಡಿಲ್ಲ. ಇದು ದೈವದ ಆಟ ಅಂದರು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್. ಸಾಲ ಮಾಡಿಕೊಳ್ಳಿ ಅಂತ ರಾಜ್ಯಗಳಿಗೆ ಹೇಳಿದರು. ಎರಡು ತಿಂಗಳು ಎಳೆದಾಡಿ, ಕೊನೆಗೆ ಕೇಂದ್ರವೇ 1.1 ಲಕ್ಷ ಕೋಟಿ ರೂಪಾಯಿ ಸಾಲ ಎತ್ತಿ ರಾಜ್ಯಗಳಿಗೆ ದಾಟಿಸಲು ಒಪ್ಪಿತು. ಆ ಸಾಲ ತೀರಿಸಲು 2022ಕ್ಕೆ ಮುಗಿಯಬೇಕಿದ್ದ ಪರಿಹಾರ ಸೆಸ್ಸನ್ನು 2026ರ ಮಾರ್ಚ್‌ವರೆಗೆ ಎಳೆದರು. ಆಮೇಲೆ ಕಾರು ಕೊಂಡವರು, ತಂಪು ಪಾನೀಯ ಕುಡಿದವರು ಕಟ್ಟಿದ ಸೆಸ್‌ನಿಂದ ಆ 2020ರ ಸಾಲ ತೀರುತ್ತಾ ಬಂತು.

ಲಸಿಕೆಯಲ್ಲಿ ಇದೇ ಆಟ ಬೇರೆ ವೇಷ ಹಾಕಿತು. ಅದನ್ನು ನಾನು ಹತ್ತಿರದಿಂದ ಕಂಡದ್ದು ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರ ಮೂಲಕ.

ಮೊದಲು ಹಿನ್ನೆಲೆ. 2021ರ ಜನವರಿ 16ಕ್ಕೆ ಲಸಿಕೆ ಶುರುವಾಯಿತು. ಆರೋಗ್ಯ ಕಾರ್ಯಕರ್ತರು, ಆಮೇಲೆ 60 ದಾಟಿದವರು, ಆಮೇಲೆ 45 ದಾಟಿದವರು. ಅಲ್ಲಿಯವರೆಗೆ ಸರ್ಕಾರಿ ಕೇಂದ್ರಗಳ ಲಸಿಕೆಯನ್ನು ಕೇಂದ್ರವೇ ಕೊಂಡು ಬಿಟ್ಟಿ ಕೊಡುತ್ತಿತ್ತು. ಎರಡನೇ ಅಲೆ ಏರಿ, ರಾಜ್ಯಗಳು ನಮಗೂ ಅಧಿಕಾರ ಕೊಡಿ ಅಂತ ಕೂಗಿದಾಗ ನೀತಿ ಬದಲಾಯಿತು. ಮೇ 1ರಿಂದ 18 ದಾಟಿದ ಎಲ್ಲರಿಗೂ ಲಸಿಕೆ. ಆದರೆ 18ರಿಂದ 44ರವರಿಗೆ ಬೇಕಾದದ್ದನ್ನು ರಾಜ್ಯಗಳು, ಖಾಸಗಿ ಆಸ್ಪತ್ರೆಗಳು ತಾವೇ ಕೊಂಡುಕೊಳ್ಳಬೇಕು. ತಯಾರಾದದ್ದರಲ್ಲಿ ಅರ್ಧ ಕೇಂದ್ರಕ್ಕೆ, ಉಳಿದ ಅರ್ಧ ಇವರಿಬ್ಬರಿಗೆ. ಒಂದೇ ಕೋವಿಶೀಲ್ಡ್ ಕೇಂದ್ರಕ್ಕೆ 150 ರೂಪಾಯಿ, ರಾಜ್ಯಕ್ಕೆ ಮೊದಲು 400, ಟೀಕೆ ಬಂದ ಮೇಲೆ 300, ಖಾಸಗಿಗೆ 600. ಕೇಳಿದ ಅಧಿಕಾರ ಸಿಕ್ಕಿತು, ಜೊತೆಗೆ ದುಪ್ಪಟ್ಟು ಬಿಲ್ಲೂ ಬಂತು. ಕರ್ನಾಟಕ ಜಾಗತಿಕ ಟೆಂಡರ್ ಕರೆಯಿತು. ಬೇರೆ ರಾಜ್ಯಗಳೂ ಕರೆದವು. ಪ್ರಪಂಚದ ಮುಂದೆ ಒಂದೇ ದೇಶದ ರಾಜ್ಯಗಳು ಒಂದರ ಪಕ್ಕ ಒಂದು ಚೀಲ ಹಿಡಿದು ನಿಂತ ಹಾಗಾಯಿತು. ನಮ್ಮ ಟೆಂಡರಿನಿಂದ ಒಂದು ಸೀಸೆಯೂ ಬರಲಿಲ್ಲ.

ಇಸ್ತ್ರಿ ಅಂಗಡಿಯವರಿಗೆ ಆಗ 38 ವರ್ಷ. ಅವರ ಹತ್ತಿರ ಇದ್ದದ್ದು ಬಟನ್ ಫೋನ್. 45 ದಾಟಿದವರು ನೇರ ಹೋಗಿ ಹಾಕಿಸಿಕೊಳ್ಳಬಹುದಿತ್ತು. ಇವರ ವಯಸ್ಸಿನವರು ಕೋವಿನ್‌ನಲ್ಲೇ ಬುಕ್ ಮಾಡಬೇಕು. ಆ ಜಾಲತಾಣಕ್ಕೆ ಕನ್ನಡ ಬಂದದ್ದು ಜೂನ್‌ನಲ್ಲಿ. ಮೇನಲ್ಲಿ ಎಲ್ಲ ಇಂಗ್ಲಿಷ್. "ಸಾರ್, ನಿಮ್ ಮಗಳ ಹತ್ರ ಹೇಳಿ ನಂದೂ ಒಂದು ಹಾಕ್ಸಿ" ಅಂದರು. ಸಂಜೆ ನಾನು, ಮಗಳು ಲ್ಯಾಪ್‌ಟಾಪ್ ಮುಂದೆ, ಅವರು ಗೇಟಿನ ಹೊರಗೆ ಫೋನ್ ಹಿಡಿದು. ಓಟಿಪಿ ಬಂದಾಗ ಅವರು ಒಂದೊಂದೇ ಅಂಕಿ ಕೂಗಿ ಹೇಳಬೇಕು. ನಾವು ಟೈಪ್ ಮಾಡುವಷ್ಟರಲ್ಲಿ ಹಸಿರು ಇದ್ದ ಸ್ಲಾಟ್ ಕೆಂಪಾಗುತ್ತಿತ್ತು. ನಾಲ್ಕನೇ ದಿನ ಸಿಕ್ಕಿತು. ಎಲ್ಲಿ? ಪಕ್ಕದ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಬಸ್ ಇಲ್ಲ, ಲಾಕ್‌ಡೌನ್. "ಇಷ್ಟು ದೂರ ಹೆಂಗ್ ಹೋಗ್ಲಿ ಸಾರ್?" ಅಂದರು. ಉತ್ತರ ಹುಡುಕುವ ಕಷ್ಟ ನಮಗೆ ಬರಲಿಲ್ಲ. ದಾಸ್ತಾನು ಇಲ್ಲ ಅಂತ ಮೇ 14ರಿಂದ ರಾಜ್ಯ ಸರ್ಕಾರ 18ರಿಂದ 44ರವರ ಲಸಿಕೆಯನ್ನೇ ನಿಲ್ಲಿಸಿತು.

ಆ ದಿನಗಳಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲು ಕೇಳುತ್ತಿದ್ದದ್ದು ಲಸಿಕೆ ಹಾಕಿಸಿಕೊಳ್ಳಿ ಅನ್ನುವ ಸರ್ಕಾರಿ ದನಿ. ಲಸಿಕೆಯೇ ಇಲ್ಲದಾಗ ಇದೇನು ಕಿರಿಕಿರಿ ಅಂತ ದೆಹಲಿ ಹೈಕೋರ್ಟೇ ಕೇಳಿತು. 18ರಿಂದ 44ರವರಿಗೆ ಮಾತ್ರ ದುಡ್ಡಿನ ಲಸಿಕೆ ಅನ್ನುವ ನೀತಿ ಮೇಲ್ನೋಟಕ್ಕೆ ಮನಸೋಇಚ್ಛೆಯದ್ದು, ತರ್ಕವಿಲ್ಲದ್ದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಜೂನ್ ಆರಂಭದಲ್ಲಿ ಹೊರಬಂತು. ಜೂನ್ 7ಕ್ಕೆ ಪ್ರಧಾನಿ ಮತ್ತೆ ಟಿವಿಗೆ ಬಂದರು. ಜೂನ್ 21ರಿಂದ ಶೇ 75ರಷ್ಟನ್ನು ಕೇಂದ್ರವೇ ಕೊಂಡು ರಾಜ್ಯಗಳಿಗೆ ಬಿಟ್ಟಿ ಕೊಡುತ್ತದೆ ಅಂದರು. ಅಲ್ಲಿಂದ ಗಾಡಿ ಓಡಿತು. ಅಕ್ಟೋಬರ್ 21ಕ್ಕೆ 100 ಕೋಟಿ ಡೋಸ್. ಇದು ಸಣ್ಣ ಕೆಲಸ ಅಲ್ಲ, ಒಪ್ಪಲೇಬೇಕು. ಒಟ್ಟಿಗೆ ಕೊಂಡರೆ ಅಗ್ಗ, ಹಂಚುವುದು ರಾಜ್ಯಗಳಿಗೆ ಬಿಟ್ಟರೆ ಸಲೀಸು ಅನ್ನುವ ಸರಳ ಲೆಕ್ಕ ಮೇನಲ್ಲೂ ಗೊತ್ತಿದ್ದದ್ದೇ. ಇಸ್ತ್ರಿ ಅಂಗಡಿಯವರು ಜುಲೈಯಲ್ಲಿ ಇದೇ ವಾರ್ಡಿನ ಶಾಲೆಯಲ್ಲಿ ನೇರ ಹೋಗಿ ಹಾಕಿಸಿಕೊಂಡು ಬಂದರು. ಪ್ರಧಾನಿಯವರ ಫೋಟೊ ಇದ್ದ ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಿ ಅಂಗಡಿಯಲ್ಲಿ ತೂಗುಹಾಕಿದ್ದರು.

ಆ ಮೇ ತಿಂಗಳನ್ನು ಬರೆಯುವಾಗ ಚಾಮರಾಜನಗರವನ್ನು ಬಿಟ್ಟು ಹೋಗಲು ಆಗುವುದಿಲ್ಲ. ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಕ್ಸಿಜನ್ ಕೊರತೆಯಿಂದ ಸತ್ತವರು 36 ಅಂತ ಆಮೇಲೆ ಹೈಕೋರ್ಟ್ ನೇಮಿಸಿದ ಸಮಿತಿ ಹೇಳಿತು. ಮೈಸೂರಿನಿಂದ ಸಿಲಿಂಡರ್ ಬರಲಿಲ್ಲ ಅಂತ ಒಂದು ಜಿಲ್ಲಾಡಳಿತ, ನಾವು ತಡೆದಿಲ್ಲ ಅಂತ ಇನ್ನೊಂದು. ಆದರೆ ಸಿಲಿಂಡರಿಗಿಂತ ಮೇಲೆ ಇನ್ನೊಂದು ಲೆಕ್ಕ ಇತ್ತು. ಯಾವ ರಾಜ್ಯಕ್ಕೆ ದಿನಕ್ಕೆ ಎಷ್ಟು ಟನ್ ಅಂತ ಕೇಂದ್ರ ನಿಗದಿ ಮಾಡುತ್ತಿತ್ತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ತಯಾರಾದ ಆಕ್ಸಿಜನ್ ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ದೆಹಲಿಯೇ ಹೇಳಬೇಕು. ಮೇ 5ರಂದು ಕರ್ನಾಟಕ ಹೈಕೋರ್ಟ್, ರಾಜ್ಯದ ಪಾಲನ್ನು 965 ಟನ್‌ನಿಂದ 1,200 ಟನ್‌ಗೆ ಏರಿಸಿ ಅಂತ ಆದೇಶ ಮಾಡಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ತಡೆ ಸಿಗಲಿಲ್ಲ. ರಾಜ್ಯದಲ್ಲೂ ಕೇಂದ್ರದಲ್ಲೂ ಆಗ ಒಂದೇ ಪಕ್ಷ. ಮುಖ್ಯಮಂತ್ರಿ ಗಟ್ಟಿ ದನಿಯಲ್ಲಿ ಕೇಳಬೇಕಾದದ್ದನ್ನು ನ್ಯಾಯಾಧೀಶರು ಕೇಳಬೇಕಾಯಿತು.

ಎರಡೂವರೆ ತಿಂಗಳು ಕಳೆಯಿತು. ಜುಲೈ 20, 2021. ಆಕ್ಸಿಜನ್ ಇಲ್ಲದೆ ಎಷ್ಟು ಜನ ಸತ್ತರು ಅನ್ನುವ ಪ್ರಶ್ನೆಗೆ ಆರೋಗ್ಯ ಸಚಿವಾಲಯ ರಾಜ್ಯಸಭೆಯಲ್ಲಿ ಕೊಟ್ಟ ಉತ್ತರ ಹೀಗೆ ಶುರುವಾಗುತ್ತದೆ: ಆರೋಗ್ಯ ರಾಜ್ಯದ ವಿಷಯ. ಆಕ್ಸಿಜನ್ ಕೊರತೆಯಿಂದ ಅಂತಲೇ ಆದ ಸಾವನ್ನು ಯಾವ ರಾಜ್ಯವೂ ವರದಿ ಮಾಡಿಲ್ಲ.

ನಾನು ಈ ಉತ್ತರವನ್ನು ಎರಡು ಸಲ ಓದಿದೆ. ಕಾನೂನಿನ ಪ್ರಕಾರ ಒಂದಕ್ಷರ ತಪ್ಪಿಲ್ಲ. ರಾಜ್ಯ ಪಟ್ಟಿ, 6ನೇ ನಮೂದು. ಹದಿನಾರು ತಿಂಗಳ ಹಿಂದೆ ಯುಗಾದಿ ಹಿಂದಿನ ರಾತ್ರಿ ಆ ನಮೂದು ಎಲ್ಲಿ ಹೋಗಿತ್ತು ಅಂತ ಮಾತ್ರ ಕೇಳಬೇಕು ಅನಿಸಿತು. ಆ ಉತ್ತರದಲ್ಲಿ ರಾಜ್ಯಗಳ ಪಾಲೂ ಇದೆ ಅನ್ನಿ. ಅವು ಬರೆದು ಕಳಿಸಿರಲಿಲ್ಲ, ಬರೆಯುವುದು ಅವುಗಳಿಗೂ ಬೇಕಿರಲಿಲ್ಲ.

ಹೊಣೆ ಹೀಗೆ ಕೆಳಗೆ ಇಳಿಯುತ್ತಾ ಕೊನೆಗೆ ಯಾರ ತಲೆ ಮೇಲೆ ಕೂತಿತು? ಬೆಂಗಳೂರನ್ನೇ ನೋಡಿ. ಬಿಬಿಎಂಪಿಯ 198 ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದಿತ್ತು. ಚುನಾವಣೆ ನಡೆಸಲಿಲ್ಲ. ಎರಡನೇ ಅಲೆಯಲ್ಲಿ ಬೆಡ್ ಬೇಕು ಅಂತ ಜನ ಒದ್ದಾಡುವಾಗ ಬಾಗಿಲು ತಟ್ಟಲು ಒಬ್ಬ ಕಾರ್ಪೊರೇಟರೂ ಇರಲಿಲ್ಲ. 2021ರ ಏಪ್ರಿಲ್‌ನಲ್ಲಿ ಬೆಳಗಾವಿ ಲೋಕಸಭೆ, ಮಸ್ಕಿ, ಬಸವಕಲ್ಯಾಣ ಉಪಚುನಾವಣೆ ಸಾಂಗವಾಗಿ ನಡೆದವು. ಪಶ್ಚಿಮ ಬಂಗಾಳದಲ್ಲಿ ಎಂಟು ಹಂತದ ಮತದಾನ ಏಪ್ರಿಲ್ 29ರವರೆಗೂ ನಡೆಯಿತು.

ಹಳ್ಳಿ, ವಾರ್ಡುಗಳಲ್ಲಿ ಮನೆ ಮನೆ ತಿರುಗಿದವರು ಆಶಾ ಕಾರ್ಯಕರ್ತೆಯರು. ರಾಜ್ಯದಲ್ಲಿ ಸುಮಾರು 42,000 ಜನ. ಕಾಗದದ ಮೇಲೆ ಅವರು ನೌಕರರಲ್ಲ, ಸ್ವಯಂಸೇವಕಿಯರು. ಅವರಿಗೆ ಸಿಗುವುದು ಸಂಬಳ ಅಲ್ಲ, ಗೌರವಧನ. ತಿಂಗಳಿಗೆ 12,000 ರೂಪಾಯಿ ಖಾತ್ರಿ ಮಾಡಿ, ಮಾಸ್ಕು ಗ್ಲೌಸು ಕೊಡಿ ಅಂತ 2020ರ ಜುಲೈಯಲ್ಲಿ ಮುಷ್ಕರಕ್ಕೆ ಇಳಿದರು. ಮಾರ್ಚ್‌ನಲ್ಲಿ ಇವರಿಗಾಗಿಯೂ ನಾವು ತಟ್ಟೆ ಬಡಿದಿದ್ದೆವು. ಯೋಜನೆ ಕೇಂದ್ರದ್ದು ಅಂತ ರಾಜ್ಯ, ಹೆಚ್ಚಿಗೆ ಕೊಡುವುದು ರಾಜ್ಯಕ್ಕೆ ಬಿಟ್ಟದ್ದು ಅಂತ ಕೇಂದ್ರ. ಆ ಜಗಳ ಇನ್ನೂ ಮುಗಿದಿಲ್ಲ.

ಸತ್ತವರ ಮನೆಯವರಿಗೆ ಪರಿಹಾರದ ಕಥೆಯೂ ಹೀಗೇ. 2020ರ ಮಾರ್ಚ್ 14ರಂದು ಕೋವಿಡ್ ಒಂದು ವಿಪತ್ತು ಅಂತ ಸಾರಿದ ಗೃಹ ಸಚಿವಾಲಯ, ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಅಂತಲೂ ಬರೆದಿತ್ತು. ಅದೇ ದಿನ ಆದೇಶ ತಿದ್ದಿ ಆ ಸಾಲು ತೆಗೆದರು. ಲಾಕ್‌ಡೌನ್‌ಗೆ ವಿಪತ್ತು, ಪರಿಹಾರಕ್ಕೆ ಅಲ್ಲ. ಅದೇ ಕಾಯ್ದೆಯ 12ನೇ ಸೆಕ್ಷನ್ ತೋರಿಸಿ, ಪರಿಹಾರ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ 2021ರ ಜೂನ್ 30ಕ್ಕೆ ಹೇಳಿತು. 50,000 ರೂಪಾಯಿ ನಿಗದಿ ಆಯಿತು, ಅದೂ ರಾಜ್ಯ ವಿಪತ್ತು ನಿಧಿಯಿಂದ. ಆ ನಿಧಿಗೆ ಹೆಚ್ಚಿನ ಪಾಲು ಹಾಕುವುದು ಕೇಂದ್ರವೇ. ಆದರೆ ಅರ್ಜಿ ಹಿಡಿದು ನಿಲ್ಲುವ ಕಿಟಕಿ ತಾಲ್ಲೂಕು ಕಚೇರಿಯದ್ದು, ಬೈಸಿಕೊಳ್ಳುವವರು ಅಲ್ಲಿನ ಗುಮಾಸ್ತರು.

ಎಷ್ಟು ಜನ ಸತ್ತರು ಅನ್ನುವುದಕ್ಕೆ 2025ರ ಮೇನಲ್ಲಿ ಒಂದು ಉತ್ತರ ಬಂತು, ಹೆಚ್ಚು ಸದ್ದಿಲ್ಲದೆ. ಜನನ ಮರಣ ನೋಂದಣಿಯ ಅಂಕಿ ಅಂಶ. 2019ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವು 76.4 ಲಕ್ಷ. 2020ರಲ್ಲಿ 81.2 ಲಕ್ಷ. 2021ರಲ್ಲಿ 1.02 ಕೋಟಿ. ಒಂದೇ ವರ್ಷದಲ್ಲಿ ಸುಮಾರು 21 ಲಕ್ಷ ಜಾಸ್ತಿ. ಅದೇ 2021ರಲ್ಲಿ ಸರ್ಕಾರ ಲೆಕ್ಕ ಹಿಡಿದ ಕೋವಿಡ್ ಸಾವು ಸುಮಾರು 3.3 ಲಕ್ಷ. ಜಾಸ್ತಿಯಾದದ್ದೆಲ್ಲ ಕೋವಿಡ್ಡೇ ಅನ್ನಲಾಗದು. ನೋಂದಣಿಯೂ ಸುಧಾರಿಸಿರಬಹುದು. ಆದರೆ ಈ ಅಂತರಕ್ಕೆ ಅದೊಂದೇ ಕಾರಣ ಅಂದರೆ ನಾನಂತೂ ಒಪ್ಪುವುದಿಲ್ಲ. ಎರಡು ವರ್ಷದಲ್ಲಿ ಭಾರತದಲ್ಲಿ 47 ಲಕ್ಷ ಹೆಚ್ಚುವರಿ ಸಾವು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿದಾಗ ಕೇಂದ್ರ ಕಟುವಾಗಿ ಅಲ್ಲಗಳೆದಿತ್ತು.

ಆ ಕಾಲದಿಂದ ಉಳಿದುಕೊಂಡ ಒಳ್ಳೆಯದು ಯಾವುದು ಅಂದರೆ ನಾನು ಅಕ್ಕಿ ಅನ್ನುತ್ತೇನೆ. 2020ರ ಏಪ್ರಿಲ್‌ನಿಂದ ಸುಮಾರು 80 ಕೋಟಿ ಜನಕ್ಕೆ ತಲೆಗೆ 5 ಕೆ.ಜಿ. ಹೆಚ್ಚಿಗೆ ಧಾನ್ಯ, ಬಿಟ್ಟಿ. ಅದು ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ಭಯ ಆಗುತ್ತದೆ. 2023ರಲ್ಲಿ ಆ ಹೆಚ್ಚುವರಿ ನಿಂತು ಮಾಮೂಲಿ ಪಡಿತರವೇ ಬಿಟ್ಟಿಯಾಯಿತು. 2024ರ ಜನವರಿಯಿಂದ ಇನ್ನೂ ಐದು ವರ್ಷಕ್ಕೆ ಮುಂದುವರಿದಿದೆ. ಬಿಕ್ಕಟ್ಟಿನಲ್ಲಿ ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳಲು ಯಾವ ಪಕ್ಷಕ್ಕೂ ಧೈರ್ಯ ಇಲ್ಲ, ಅದೂ ನಿಜ.

ಆದರೆ ಆ 80 ಕೋಟಿ ಅನ್ನುವ ಸಂಖ್ಯೆ ಬಂದದ್ದು 2011ರ ಜನಗಣತಿಯಿಂದ. ಹಳ್ಳಿಯಲ್ಲಿ ಶೇ 75, ಪಟ್ಟಣದಲ್ಲಿ ಶೇ 50 ಜನಕ್ಕೆ ಅಂತ ಆಹಾರ ಭದ್ರತಾ ಕಾಯ್ದೆ ಹೇಳುತ್ತದೆ. ಯಾವ ವರ್ಷದ ಜನಸಂಖ್ಯೆಯಲ್ಲಿ? ಕೊನೆಯ ಗಣತಿಯಲ್ಲಿ. ಮುಂದಿನ ಗಣತಿಯ ಮನೆಪಟ್ಟಿ ಕೆಲಸ 2020ರ ಏಪ್ರಿಲ್ 1ಕ್ಕೆ ಶುರುವಾಗಬೇಕಿತ್ತು. ಕೋವಿಡ್ ಅಂತ ಮುಂದೆ ಹಾಕಿದರು. ಕೋವಿಡ್ ಹೋಯಿತು, ಚುನಾವಣೆಗಳು ಬಂದವು ಹೋದವು, ಗಣತಿ ಮಾತ್ರ ಮುಂದಕ್ಕೇ ಹೋಯಿತು. ಕೊನೆಗೆ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿತು. ಲೆಕ್ಕದ ದಿನ 2027ರ ಮಾರ್ಚ್ 1. ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯಲ್ಲಿ ದಕ್ಷಿಣದ ಸೀಟು ಎಷ್ಟಾಗುತ್ತದೆ ಅನ್ನುವ ಜಗಳಕ್ಕೂ ಈ ತಾರೀಖಿಗೂ ನಂಟಿದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಹೊಸ ಲೆಕ್ಕ ಬರುವವರೆಗೆ ಕೇಂದ್ರದ ಕೋಟಾ ಹಳೇ ತಲೆ ಎಣಿಕೆಯದ್ದೇ. ಅದಕ್ಕಿಂತ ಜಾಸ್ತಿ ಜನಕ್ಕೆ ಕಾರ್ಡ್ ಕೊಟ್ಟರೆ ಆ ಅಕ್ಕಿಯ ಖರ್ಚು ರಾಜ್ಯದ್ದು.

ಇಸ್ತ್ರಿ ಅಂಗಡಿಯವರ ಎರಡನೇ ಮಗಳು ಹುಟ್ಟಿದ್ದು 2014ರಲ್ಲಿ. ಅವಳ ಹೆಸರು ಕಾರ್ಡಿಗೆ ಸೇರಿಸಲು ಅರ್ಜಿ ಹಾಕಿ ಬಹಳ ದಿನ ಆಯಿತು. ಮೊನ್ನೆ ಬಟ್ಟೆ ತರಲು ಹೋದಾಗ ಕೇಳಿದೆ. "ಸರ್ವರ್ ಓಪನ್ ಆದಾಗ ಬನ್ನಿ ಅಂತಾರೆ ಸಾರ್" ಅಂದರು. ಗೋಡೆ ಮೇಲಿನ ಸರ್ಟಿಫಿಕೇಟಿನ ಲ್ಯಾಮಿನೇಷನ್ ಹಬೆಗೆ ಉಬ್ಬಿ ಅಂಚು ಬಿಟ್ಟುಕೊಂಡಿದೆ. ಅವರ ಹೆಸರಿನ ಶಾಯಿ ಮಾಸಿದೆ, ಫೋಟೊ ಮಾತ್ರ ಇನ್ನೂ ಗುರುತು ಸಿಗುತ್ತದೆ.